ಕಾಶವ್ವನ ಉಡಿಯಕ್ಕಿ

"ಕಾದಂಬರಿ ಕೊನೇ ಭಾಗ ನಮಗ ಸೇರಲಿಲ್ರೀ," ಎಂದು ಗೌರಕ್ಕ ಲೇಖಕಿಯ ಮುಖಕ್ಕೇ ಹೇಳಿಬಿಟ್ಟಾಗ, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಹಿಂದೆ ನಿಂತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಸೊಸೆ ಸ್ಫೂರ್ತಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬನವಾಸಿಯಿಂದ ಶಿರಸಿಗೆ ಬರುವಾಗ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು, "ಅತ್ತೀ, ಅಲ್ಲಿ ಏನೂ ಅನಬ್ಯಾಡ್ರಿ."

"ನಾಕು ಭಾಗ ಎದಿಗೊಟ್ಟು ನಿಂತ ಕಾಶವ್ವನ್ನ ಐದನೇದ್ರಾಗ ಯಾಕ ಹಂಗ ಗಡಿಬಿಡಿಲೆ ಮುಗಿಸಿದ್ರಿ?" ಎಂದಳು ಗೌರಕ್ಕ.

ಲೇಖಕಿಯ ಪೆನ್ನು ನಿಂತಿತು. "ಅವಳನ್ನ ಕಳಿಸಿಕೊಡೋಕೆ ಮನಸ್ಸು ಬರಲಿಲ್ಲ ಅಮ್ಮ. ಕಣ್ಣು ಮುಚ್ಚಿ ಬರೆದುಬಿಟ್ಟೆ."

ಗೌರಕ್ಕ ಚೀಲದಿಂದ ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ತೆಗೆದು ಮೇಜಿನ ಮೇಲಿಟ್ಟಳು. ಚೀಲದಲ್ಲಿರುವುದು ಬುತ್ತಿ ಎಂದೇ ಸ್ಫೂರ್ತಿ ತಿಳಿದಿದ್ದಳು. "ಈ ಸೊಸಿ ನಮ್ಮನಿಗೆ ಬಂದಾಗ ನಮ್ಮಿಬ್ಬರಿಗೂ ಮಾತಿದ್ದಿಲ್ರಿ. ನಾ ರೊಟ್ಟಿ ಬಡಿಯೋ ಮುಂದ ಈಕಿ ಕುಂತು ನಿಮ್ಮ ಕಾದಂಬರಿ ಗಟ್ಟ್ಯಾಗಿ ಓದತಿದ್ಲು. ಕಾಶವ್ವಗ ಮುಂದೇನಾತು ಅಂತ ಕೇಳ್ತ ಕೇಳ್ತ ಮಾತು ಬಂತು. ಕಾಶವ್ವ ನಮಗ ಮಗಳಿದ್ದಂಗ. ಅಕಿ ಹೋಗಿದ್ದು ನಮಗ ಸೇರಲಿಲ್ಲಂತ ಮಗಳನ್ನ ಬರೇ ಉಡೀಲೆ ಕಳಸಾಕ ಬರ್ತೈತೇನು? ಅಕಿ ಬದ್ಲಿಗೆ ನೀವು ಉಡಿ ಒಡ್ಡ್ರಿ."

ಲೇಖಕಿ ಎದ್ದು ನಿಂತಳು. ಚೂಡಿದಾರಕ್ಕೆ ಸೆರಗೆಲ್ಲಿಯದು? ವೇಲನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಗೌರಕ್ಕ ಮೊದಲ ಬೊಗಸೆ ಅಕ್ಕಿ ಹಾಕಿ, ಸೊಸೆಯ ಕಡೆ ತಿರುಗಿದಳು.

"ನೀನೂ ಹಾಕವ್ವ. ಓದಿ ಹೇಳಿದಾಕಿ ನೀನು."