ತೊಳೆಯದ ಮರಳು

ಐಶ್ವರ್ಯ ಮೇಜಿನ ಮೇಲೆ ಮರಳಿನ ಚೀಲ ಇಟ್ಟಳು. ರಾಮಾನುಜನ ಕಣ್ಣು ಹೋದದ್ದು ಅವಳ ಇನ್ನೊಂದು ಕೈಯಲ್ಲಿದ್ದ ವರದಿಯ ಮೇಲೆ. ಮರಳು, ಸಿಮೆಂಟು ಪರೀಕ್ಷಿಸುವ ಚಾಮರಾಜಪೇಟೆಯ ತಮ್ಮದೇ ಲ್ಯಾಬಿನ ಮೊಹರು, ಏಪ್ರಿಲ್ ತಾರೀಖು, ಕೆಳಗೆ ಅವನದೇ ಸಹಿ.

“ಎನ್.ಆರ್. ಕಾಲೋನೀಲಿ ಕಿಟಕಿ ಮೇಲಿನ ಸಜ್ಜಾ ಬಿದ್ದು ತೀರ್ಕೊಂಡ್ರಲ್ಲ ಸಾರ್, ಮೇಸ್ತ್ರಿ ಮುನಿಸ್ವಾಮಿ, ಅವ್ರ ಮಗಳು ನಾನು. ಮರಳು ಚೆನ್ನಾಗಿದೆ ಅಂತ ನಿಮ್ಮ ಲ್ಯಾಬ್ ಬರ್ಕೊಟ್ಟಿದೆ. ಅದಕ್ಕೇ ಅಪ್ಪಾನೇ ಸಿಮೆಂಟ್ ಕದ್ದು ಕಮ್ಮಿ ಹಾಕಿದ್ರು, ಸಜ್ಜಾ ಬಿತ್ತು ಅಂತಿದಾರೆ ಕಂಟ್ರಾಕ್ಟರ್. ಅದೇ ರಾಶೀಲಿ ಉಳಿದಿದ್ದು ಇದು. ಇನ್ನೊಂದ್ಸಲ ನೋಡಿ ಸಾರ್.”

ಬೇರೆ ಲ್ಯಾಬಿಗೆ ಹೋಗಮ್ಮ ಎಂಬ ಮಾತು ನಾಲಿಗೆಯ ತುದಿವರೆಗೂ ಬಂತು. ನುಂಗಿಕೊಂಡ. ಮೂವತ್ತು ವರ್ಷ ಜರಡಿ ಹಿಡಿದವನಿಗೆ ಮರಳನ್ನು ಮುಟ್ಟಿದರೇ ಸಾಕು. ಚೀಲಕ್ಕೆ ಕೈ ಹಾಕಿ ತೆಗೆದ, ಬೆರಳಿಗೆಲ್ಲ ಮಣ್ಣು ಮೆತ್ತಿಕೊಂಡಿತ್ತು.

ಒಂದಷ್ಟು ಮರಳು ತೂಗಿ, ನೆನೆಸಿ, ಕಲಕಿ, ಪುಡಿಮಣ್ಣು ಮಾತ್ರ ಇಳಿಯುವಷ್ಟು ಸಣ್ಣ ಕಣ್ಣಿನ ಜರಡಿಗೆ ಸುರಿದು ನಲ್ಲಿ ಬಿಟ್ಟ. ಕೆಳಗಿನ ಬಕೆಟ್ಟಿಗೆ ಬರುವ ನೀರು ತಿಳಿಯಾಗುವ ತನಕ ತೊಳೆಯಬೇಕು. ನಿಯಮ ಅಷ್ಟೇ, ಕಲಿಯಲು ಒಂದು ಬೆಳಗು ಸಾಕು. ಮೊದಲ ನೀರು ರಾಗಿ ಗಂಜಿಯ ಹಾಗೆ ಬಂತು. ಎರಡನೆಯದೂ ಹಾಗೇ. ಐದನೆಯ ಸಲಕ್ಕೂ ಬಗ್ಗಡ ಬಿಡಲಿಲ್ಲ.

“ಇಷ್ಟೊಂದು ಮಣ್ಣಾ! ಆವಾಗ ಯಾಕೆ ಕಾಣ್ಲಿಲ್ಲ ಸಾರ್?”

“ಒಣಗಿದ್ದನ್ನ ಹಂಗೇ ಜರಡಿ ಹಿಡಿದ್ರೆ ಕಾಣಲ್ಲಮ್ಮ. ಮಣ್ಣು ಮರಳಿಗೇ ಅಂಟ್ಕೊಂಡಿರುತ್ತೆ. ತೊಳೆದ್ರೇನೇ ಬಿಡೋದು. ಇಷ್ಟು ಮಣ್ಣಿದ್ರೆ ಸಿಮೆಂಟ್ ಕಚ್ಚಲ್ಲ.”

“ತೊಳೆದು ನೋಡಿದೀವಿ ಅಂತ ಬರ್ದಿದಾರಲ್ಲ ಇಲ್ಲಿ? ಯಾರು ಸಾರ್ ಇಂಥಾ ಸುಳ್ಳು ಬರ್ದೋರು? ನೀವಾದ್ರೂ ಒಳ್ಳೇವ್ರು, ಕೇಳಿದ ತಕ್ಷಣ ತೊಳೆದ್ರಿ.”

ಆ ‘ಒಳ್ಳೇವ್ರು’ ರಾಮಾನುಜನ ಎದೆಗೇ ಚುಚ್ಚಿತು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು, ಅವನ ಗೀಚು ಸಹಿಯಲ್ಲಿ ಹೆಸರು ಹುಡುಕುವುದು ಯಾರಿಂದಲೂ ಆಗುವ ಕೆಲಸವಲ್ಲ. ಆದರೂ ನಲ್ಲಿ ನಿಲ್ಲಿಸಿದ.

“ನಾನೇ ಕಣಮ್ಮ. ಆವಾಗ ಇಲ್ಲಿ ಬೋರ್ ಒಣಗಿತ್ತು, ಟ್ಯಾಂಕರ್ ಮೂರು ದಿನ ಬರ್ಲಿಲ್ಲ. ಕಂಟ್ರಾಕ್ಟರ್ ಅವಸರ ಮಾಡ್ತಿದ್ದ. ಒಣಗಿದ್ದನ್ನೇ ಜರಡಿ ಹಿಡಿದು, ತೊಳೆದೆ ಅಂತ ಬರೆದ್ಬಿಟ್ಟೆ. ನಾಳೆ ಒಣಗಿಸಿ ತೂಗಿ, ಹೊಸ ವರದೀಲಿ ಇದನ್ನೂ ಬರೀತೀನಿ. ಏನ್ಮಾಡ್ಲಿ, ನೀರಿರ್ಲಿಲ್ಲಮ್ಮ.”

ಐಶ್ವರ್ಯ ಬಕೆಟ್ಟಿನಲ್ಲಿದ್ದ ಬಗ್ಗಡವನ್ನೇ ನೋಡುತ್ತ ನಿಂತಳು.

“ಓಕಳಿಪುರದಲ್ಲಿ ನಮ್ಮನೇಲೂ ನೀರಿರ್ಲಿಲ್ಲ ಸಾರ್. ಕುಡಿಯೋಕೆ ಹಿಡಿದಿಟ್ಟಿದ್ದ ನೀರನ್ನ ಅಪ್ಪ ದಿನಾ ಎರಡು ಕ್ಯಾನ್ ಸೈಕಲ್‌ಗೆ ಕಟ್ಕೊಂಡು ಹೋಗ್ತಿದ್ರು. ಹೊಸ ಸಜ್ಜಾಗೆ ಹಾಕೋಕೆ, ಬೇಗ ಒಣಗಿದ್ರೆ ಗಟ್ಟಿಯಾಗಲ್ಲ ಅಂತ.”