ಆಮೇಲೆ ನೀನು

"ಇವಳಿಗೆ ಏನಾದ್ರೂ ಹಗುರವಾದ್ದು ಇದ್ರೆ ನೋಡಿ ಮೇಡಂ," ಎಂದ ಗಂಡ, ಮೇಜಿನ ಮೇಲೆ ಎರಡೂ ಮೊಣಕೈ ಊರಿ. "ಭಾಷೆ ಕಲಿಯೋದು, ಹೂ ಜೋಡಿಸೋದು, ಅಂಥದ್ದು. ಮನೇಲೇ ಕೂತು ಮಾಡೋ ಹಾಗಿದ್ರೆ ಇನ್ನೂ ಒಳ್ಳೇದು."

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ವಿದೇಶದಲ್ಲಿ ಓದಬಯಸುವವರಿಗಾಗಿ ಹೋಟೆಲೊಂದರ ದೊಡ್ಡ ಹಾಲಿನಲ್ಲಿ ಏರ್ಪಡಿಸಿದ್ದ ಮೇಳ ಅದು. ಸಾಲು ಸಾಲು ಮೇಜು, ಒಂದೊಂದರ ಹಿಂದೆಯೂ ಒಂದೊಂದು ವಿಶ್ವವಿದ್ಯಾಲಯದ ಬಣ್ಣದ ಫಲಕ. ಬೆಳಗಿನಿಂದ ಪ್ರತಿ ಮೇಜಿನಲ್ಲೂ ಅವನೇ ಮಾತಾಡಿದ್ದ, ಅವನೇ ನಕ್ಕಿದ್ದ, ಪುಕ್ಕಟೆ ಪೆನ್ನುಗಳನ್ನು ಅವನೇ ಜೇಬಿಗಿಳಿಸಿದ್ದ. ಅವಳ ಪಾಲಿಗೆ ಬಂದದ್ದು ಚೀಲ ಹೊರುವ ಕೆಲಸ.

ಮೇಜಿನ ಹುಡುಗಿ ಮಗ್ಗಿ ಒಪ್ಪಿಸುವವಳಂತೆ ಶುರುಮಾಡಿದಳು. "ನಮ್ಮಲ್ಲಿ ಇಲ್ಲದ್ದೇ ಇಲ್ಲ ಸರ್. ಕಾನೂನು, ನರ್ಸಿಂಗು, ನಾಟಕ, ಸಮುದ್ರದ ಜೀವಿಗಳು, ಪ್ರಾಣಿ ವೈದ್ಯ... ಪಿಟೀಲು ತಯಾರಿಸೋದಕ್ಕೂ ಒಂದು ಕೋರ್ಸಿದೆ. ಹಳೇ ಸೇತುವೆಗಳನ್ನ ಗಟ್ಟಿ ಮಾಡೋದಕ್ಕೆ ಅಂತಲೇ ಒಂದು..."

"ಅದು," ಎಂದಳು ಹೆಂಡತಿ.

"ಸೇತುವೆನಾ? ಇವಳಾ?" ಗಂಡ ಹೊಟ್ಟೆ ಕುಣಿಸಿ ನಕ್ಕ. "ನಮ್ಮನೆ ಮೆಟ್ಟಿಲು ಬಿರುಕು ಬಿಟ್ಟಿದೆ ಮೇಡಂ, ಮೊದಲು ಅದನ್ನ ಗಟ್ಟಿ ಮಾಡ್ಲಿ!" ಹುಡುಗಿಯೂ ನಗಲು ಹೊರಟವಳು, ಹೆಂಡತಿಯ ಮುಖ ನೋಡಿ ನಗುವನ್ನು ಅರ್ಧಕ್ಕೇ ನುಂಗಿದಳು.

ಅವಳು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಹೊರದೇಶದಲ್ಲಿ ಓದುವ ಹುಚ್ಚಿತ್ತು, ಆದರೆ ಇಬ್ಬರೂ ಒಟ್ಟಿಗೆ ಹೊರಡುವಷ್ಟು ಹಣದ ತ್ರಾಣವಿರಲಿಲ್ಲ. "ಮೊದಲು ನಾನು, ಆಮೇಲೆ ನೀನು" ಎಂದು, ಬಾಯಿ ಮುಚ್ಚದ ಸೂಟ್‌ಕೇಸಿನ ಮೇಲೆ ಕೂತು ಒತ್ತುತ್ತ ಅವನೇ ಹೇಳಿದ್ದು. ಅವನು ಆ ಕಡೆ ವಿಮಾನ ಹತ್ತಿದ ಕೆಲವೇ ತಿಂಗಳಿಗೆ ಅತ್ತೆಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು, ನಾಲಿಗೆ ತೊದಲಿತು. ಸೊಸೆ ಕೆಲಸ ಬಿಟ್ಟಳು. ಮಗ್ಗುಲು ಬದಲಿಸಿದಳು, ಮೀಯಿಸಿದಳು, ತುತ್ತು ಕಲಸಿ ಉಣಿಸಿದಳು. ಅವನು ಪದವಿ ಹಿಡಿದು ಬಂದ, ದೊಡ್ಡ ಕುರ್ಚಿಯಲ್ಲಿ ಕೂತ. ಅವಳ ‘ಆಮೇಲೆ’ ಮಾತ್ರ ಬರಲೇ ಇಲ್ಲ. ಕೇಳಿದಾಗಲೆಲ್ಲ ಮೂಗಿಗೆ ತುಪ್ಪ. ಇವತ್ತು ಮೇಳಕ್ಕೆ ಕರೆತಂದದ್ದೂ ಅದೇ ತುಪ್ಪವೇ ಎಂದು ಈಗ ಹೊಳೆದದ್ದೇ ಅವಳ ಕಿವಿಯ ತುದಿ ಕಾದ ಕಬ್ಬಿಣವಾಯಿತು.

ಚೀಲವನ್ನು ಧೊಪ್ಪನೆ ನೆಲಕ್ಕೆ ಹಾಕಿ, "ಸ್ವಲ್ಪ ಸರೀರಿ" ಎಂದು ಗಂಡನನ್ನು ದಾಟಿ ಕುರ್ಚಿ ಎಳೆದುಕೊಂಡು ಕೂತಳು. "ಇದಕ್ಕೆ ಯಾರು ಸೇರಬಹುದು ಹೇಳಮ್ಮ."

"ಎಂಜಿನಿಯರಿಂಗ್ ಮುಗಿಸಿ ಹತ್ತು ವರ್ಷ ದಾಟಿರಬಾರದು ಮೇಡಂ."

"ಈ ವರ್ಷಕ್ಕೆ ಹತ್ತು ತುಂಬುತ್ತೆ."

"ಹಾಗಾದ್ರೆ ಇದೇ ಕೊನೇ ಸಲ."

"ಏಳು, ಏಳು," ಗಂಡ ಅವಳ ಭುಜ ಮುಟ್ಟಿದ. "ಮನೇಲಿ ಕೂತು ಮಾತಾಡೋಣ."

"ಮನೇಲಿ ಮಾತಾಡಿ ಮಾತಾಡಿ ನನ್ನ ಬಾಯಿ ಸವೆದುಹೋಗಿದೆ! ನೀವು ಹೊರಟಾಗ ನಾನು ಹಗುರವಾದ್ದು ಹುಡುಕಿದ್ನಾ? ನಿಮ್ಮನ್ನ ಹೂ ಜೋಡಿಸೋಕೆ ಕಳಿಸಿದ್ನಾ?" ಅವಳ ದನಿಗೆ ಅಕ್ಕಪಕ್ಕದ ಮೇಜಿನವರೆಲ್ಲ ಕತ್ತು ತಿರುಗಿಸಿದರು.

"ನಾಲ್ಕು ಜನರ ಮುಂದೆ ಮಾನ ಕಳೀಬೇಡ ಕಣೇ," ಅವನು ಹಲ್ಲು ಕಚ್ಚಿದ. ಆಮೇಲೆ ನ್ಯಾಯ ಕೇಳುವವನಂತೆ ಹುಡುಗಿಯ ಕಡೆ ತಿರುಗಿದ. "ನೀವೇ ಹೇಳಿ ಮೇಡಂ, ಇವಳು ಹೋದ್ರೆ ಹಾಸಿಗೆ ಹಿಡಿದಿರೋ ಅಮ್ಮನ್ನ ಯಾರು ನೋಡ್ಕೋಬೇಕು?"

"ಅಮ್ಮ ಅಂತ ಕರೆಯೋರು ನೋಡ್ಕೋಬೇಕು," ಎಂದಳು ಅವಳು.

ಅವನ ಮುಖ ಕಪ್ಪಿಟ್ಟಿತು. "ಆಯ್ತು. ಅಮ್ಮನ್ನೇ ಕೇಳೋಣ. ಅವ್ರು ಹೂಂ ಅಂದ್ರೆ ನಾನು ತುಟಿ ಪಿಟಕ್ ಅನ್ನಲ್ಲ." ಗೆದ್ದವನ ಹುರುಪಿನಲ್ಲಿ ಫೋನು ತೆಗೆದ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಮನೆಯಲ್ಲಿ ಅತ್ತೆಯ ಬಳಿ ಕೂತಿದ್ದ ಪಕ್ಕದ ಮನೆಯಾಕೆ ಕರೆ ತೆಗೆದುಕೊಂಡು ಫೋನನ್ನು ಅವರ ಬಾಯ ಹತ್ತಿರ ಹಿಡಿದಳು. "ಅಮ್ಮಾ, ಇವಳು ನಿನ್ನ ಬಿಟ್ಟು ಓದೋಕೆ ಪರದೇಶಕ್ಕೆ ಹೋಗ್ತಾಳಂತೆ! ನೀನೇನಂತೀಯ?"

ಒಂದು ಉಸಿರು ಕೇಳಿಸಿತು. ಆಮೇಲೆ ಮಾತು. "ಓ...ಲಿ ಬಿ...ಓ. ಈ...ಇಯಲ್ಲ."

ಅವನು ಹುಬ್ಬು ಗಂಟಿಕ್ಕಿದ. ದಿನಾ ಸಂಜೆ ಕೋಣೆಯ ಬಾಗಿಲಲ್ಲೇ ನಿಂತು "ಹೇಗಿದ್ದೀಯಮ್ಮ" ಎಂದು ಕೇಳಿ, ಉತ್ತರಕ್ಕೆ ಹೆಂಡತಿಯ ಮುಖ ನೋಡುವುದು ಅವನ ರೂಢಿ. ಈಗಲೂ ಕತ್ತು ತಾನಾಗಿ ಆ ಕಡೆಗೇ ತಿರುಗಿತು.

"ಏನಂದ್ರು?"

ಅವಳಿಗೆ ಒಂದಕ್ಷರವೂ ತಪ್ಪಿರಲಿಲ್ಲ. "‘ಹೋಗ್ಲಿ ಬಿಡೋ, ನೀನಿದ್ದೀಯಲ್ಲ’ ಅಂದ್ರು."

"ಸುಳ್ಳು! ನಿನಗೆ ಬೇಕಾದ ಹಾಗೆ ತಿರುಚ್ತಿದ್ದೀಯ!"

ಅವಳು ಈ ಸಲ ಕೂಗಲಿಲ್ಲ. ಕುದಿಯುತ್ತಿದ್ದುದು ಒಳಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. "ಹಾಗಾದ್ರೆ ನೀವೇ ಕೇಳಿಸ್ಕೊಳ್ಳಿ. ನಿಮ್ಮಮ್ಮ ತಾನೇ?" ಎಂದು ಹುಡುಗಿಯ ಕಡೆ ತಿರುಗಿ, "ಕ್ಲಾಸು ಯಾವಾಗ ಶುರು ಹೇಳಮ್ಮ" ಎಂದಳು.

ಬೆನ್ನ ಹಿಂದೆ ಗಂಡ ಸ್ಪೀಕರ್ ಆರಿಸಿ ಫೋನನ್ನು ಒಂದು ಕಿವಿಗೆ ಒತ್ತಿಕೊಂಡಿದ್ದ, ಇನ್ನೊಂದು ಕಿವಿಗೆ ಬೆರಳಿಟ್ಟು ಬಾಗಿ ನಿಂತಿದ್ದ. "ಇನ್ನೊಂದ್ಸಲ ಹೇಳಮ್ಮ... ಇನ್ನೊಂದೇ ಒಂದ್ಸಲ..."