ಟವೆಲ್ ಹಾಕಿದ ಸೀಟು

ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ ಚನ್ನವೀರಪ್ಪ ಹೊಸ ಶೋರೂಮಿನ ಗೋಡೆಗೊಂದು ಚಿತ್ರ ಬೇಕೆಂದು ಆರ್ಟ್ ಗ್ಯಾಲರಿಗೆ ಹೋದ. ಮರುದಿನವೇ ಉದ್ಘಾಟನೆ...

ಅಲ್ಲಿ ನೋಡಿದರೆ ಎಲ್ಲವೂ ಕಪ್ಪು-ಬಿಳುಪು! ಒಂದರಲ್ಲಿ ಬೋರಲು ಹಾಕಿದ ಚೊಂಬು, ಇನ್ನೊಂದರಲ್ಲಿ ಒಂಟಿ ಚಪ್ಪಲಿ.

"ಇವರ ಹತ್ರ ಬಣ್ಣ ತೀರಿತ್ತೇನು?" ಅಂದುಕೊಂಡ.

ಆದರೆ ಒಂದು ಚಿತ್ರದ ಮುಂದೆ ಕಾಲು ನಿಂತೇಬಿಟ್ಟಿತು. ಕಪ್ಪು ಬಸ್ಸು, ಖಾಲಿ ಸೀಟು, ಅದರ ಮೇಲೊಂದು ಬಿಳಿ ಟವೆಲ್. ಅಷ್ಟೇ!

ಏನಿರಬಹುದು ಇದು?

"ಶೂನ್ಯದ ಸಂಕೇತ ಸರ್" ಎಂದ ಮ್ಯಾನೇಜರ್.

"ಅಲ್ಲಲ್ಲ, ಸಾವು" ಎಂದರು ಚಿತ್ರ ನೋಡಲು ಬಂದಿದ್ದ ಮೇಷ್ಟ್ರೊಬ್ಬರು. ಚನ್ನವೀರಪ್ಪನ ತಲೆಗೆ ಎರಡೂ ಹತ್ತಲಿಲ್ಲ.

ಅಲ್ಲೇ ಕಸ ಗುಡಿಸುತ್ತಿದ್ದ ಫಕೀರವ್ವ ಕಿಸಕ್ಕನೆ ನಕ್ಕಳು. "ಸಾವೂ ಇಲ್ಲ ಗೀವೂ ಇಲ್ಲರೀ ಸಾಹುಕಾರ್ರ! ಯಾರೋ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಾರ. ತಮ್ಮ ಮಂದಿ ಹಿಂದ ಬರಾಕತ್ತಾರ, ಅವರು ಕುಂದರ್ಲಿ ಅಂತ..."

ಚನ್ನವೀರಪ್ಪನಿಗೆ ತನ್ನ ಕಾಲೇಜು ದಿನಗಳ ಬಸ್ಸು ನೆನಪಾಯಿತು.

ಅಣ್ಣ ರುದ್ರಣ್ಣ ಕೆಲಸಕ್ಕೆ, ತಾನು ಕಾಲೇಜಿಗೆ... ಇಬ್ಬರಿಗೂ ಒಂದೇ ಬಸ್ಸು. ಅಣ್ಣ ದಿನಾ ಮುಂದೆ ಓಡಿ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ. ತಮ್ಮ ಕೂತು ಓದಲಿ ಅಂತ ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ.

ಅದೇ ಅಣ್ಣನನ್ನು ಮೊದಲ ಶೋರೂಮಿನ ಉದ್ಘಾಟನೆಯಲ್ಲಿ ಮುಂದಿನ ಸಾಲಿನಿಂದ ಎಬ್ಬಿಸಿದ್ದ! "ದೊಡ್ಡೋರು ಬರ್ತಾರ, ನೀ ಹಿಂದ ಕುಂದ್ರು" ಅಂದಿದ್ದ.

ಹತ್ತಿದ ಏಣಿಯನ್ನೇ ಒದ್ದ ಹಾಗಲ್ಲವೇ ಇದು?

ಅಂದು ಎದ್ದು ಹೋದ ಅಣ್ಣ ಆರು ವರ್ಷವಾದರೂ ಇವನ ಹೊಸ್ತಿಲು ತುಳಿದಿರಲಿಲ್ಲ. ಇವನೂ ಕರೆದಿರಲಿಲ್ಲ.

ಅಲ್ಲೇ ಫೋನ್ ಹಚ್ಚಿದ. "ಅಣ್ಣಾ... ತಪ್ಪಾತೋ. ನಾಳೆ ಹೊಸ ಶೋರೂಮ್ ಉದ್ಘಾಟನೆಗೆ ಬಾ..."

ಆ ಕಡೆಯಿಂದ ಫೋನ್ ಕಟ್ಟಾಯಿತು.

ಮರುದಿನ ಮುಂದಿನ ಸಾಲಿನ ನಡುವಿನ ಕುರ್ಚಿಯ ಮೇಲೆ ಒಂದು ಬಿಳಿ ಟವೆಲ್. ಗಣ್ಯರೊಬ್ಬರು ಅದನ್ನು ಸರಿಸಲು ಕೈಹಾಕಿದಾಗ ಚನ್ನವೀರಪ್ಪ ಓಡಿ ಬಂದು ಕೈಮುಗಿದ.

"ಅದಕ್ಕ ಜನ ಬರ್ತಾರ್ರೀ..."

ರಿಬ್ಬನ್ ಕತ್ತರಿಸುವ ಹೊತ್ತಾದರೂ ಕುರ್ಚಿ ಖಾಲಿಯೇ ಇತ್ತು. ಚನ್ನವೀರಪ್ಪ ಕತ್ತರಿ ಮುಟ್ಟಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತ.

ಬಂದ ರುದ್ರಣ್ಣ! ಟವೆಲ್ ನೋಡಿದ... ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು ಕೂತ.

"ಏನಲೇ ತಮ್ಮಾ, ಬಸ್ಸು ಎಷ್ಟೊತ್ತಿಗೆ ಬಿಡತೈತಿ?"

ತಮ್ಮ ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟ.

ನಮಗಾಗಿ ಜಾಗ ಹಿಡಿದವರನ್ನು ಎಬ್ಬಿಸಿ ಯಾರೂ ದೊಡ್ಡವರಾಗುವುದಿಲ್ಲ.

ನಿಮಗೆ ಸೀಟು ಹಿಡಿದುಕೊಟ್ಟವರು ಈಗ ಎಲ್ಲಿ ಕೂತಿದ್ದಾರೆ... ಒಮ್ಮೆ ನೋಡಿದ್ದೀರಾ?